ದಾದಿಯ ಸೇವೆಯೂ ಕರ್ತನ ಹಸ್ತವೂ

ಓದತಕ್ಕ ವೇದಭಾಗ: ಮಾರ್ಕ 5ನೆಯ ಅಧ್ಯಾಯ, 21ರಿಂದ 43ನೆಯ ವಚನಗಳು



ಮೇಲೆ ಕಾಣಿಸಿದ ವೇದಭಾಗದಲ್ಲಿ ಇಬ್ಬರು ರೋಗಿಗಳ ವೃತ್ತಾಂತವಿದೆ. ಒಬ್ಬಳು ಸಭಾಮಂದಿರದ ಅಧಿಕಾರಿಯಾದ ಯಾಯೀರನ ಮಗಳು, ಹನ್ನೆರಡು ವರುಷದ ಹುಡುಗಿ. ಮತ್ತೊಬ್ಬಳು ಹನ್ನೆರಡು ವರುಷದಿಂದ ರಕ್ತಸ್ರಾವದ ರೋಗದಲ್ಲಿ ನರಳುತ್ತಿದ್ದ ಹೆಂಗಸು; ಆಕೆಯ ಹೆಸರನ್ನು ಸಹ ಬರೆದಿಲ್ಲ. ಒಬ್ಬಳಿಗೋಸ್ಕರ ಬೇಡಿಕೊಳ್ಳಲು ಊರಿನಲ್ಲಿ ಮಾನ್ಯನಾದ ತಂದೆಯಿದ್ದನು. ಮತ್ತೊಬ್ಬಳಿಗೆ ಯಾರೂ ಇದ್ದ ಹಾಗೆ ಕಾಣುವುದಿಲ್ಲ. ಇದ್ದದ್ದನ್ನೆಲ್ಲಾ ವೈದ್ಯರಿಗೆ ತೆತ್ತು ಬರಿಗೈಯಾಗಿದ್ದಳು. ಕರ್ತನು ಒಂದೇ ದಾರಿಯಲ್ಲಿ ಹೋಗುತ್ತಾ ಇಬ್ಬರನ್ನೂ ಸ್ವಸ್ಥಮಾಡಿದನು. ಆತನು ರೋಗವನ್ನು ಮಾತ್ರವಲ್ಲ, ರೋಗಿಯನ್ನೂ ರೋಗಿಯ ಮನೆಯವರನ್ನೂ ಹೇಗೆ ನೋಡಿದನೆಂಬದನ್ನು ನಾವು ಈಗ ಧ್ಯಾನಿಸೋಣ. ಯಾಕಂದರೆ ಆಸ್ಪತ್ರೆಯಲ್ಲಿ ಹಗಲಿರುಳು ನಿಂತು ಶುಶ್ರೂಷೆ ಮಾಡುವ ದಾದಿಯ ಕೆಲಸವು ಇದೇ. ಮತ್ತು ಆಕೆ ಕಲಿತಿರುವದನ್ನು ನಮ್ಮ ಗ್ರಾಮಸಭೆಗಳೂ ಕಲಿಯತಕ್ಕದ್ದಾಗಿದೆ.

ಮೊದಲನೆಯದು, ಕರ್ತನು ಮುಟ್ಟುವದಕ್ಕೆ ಹಿಂಜರಿಯಲಿಲ್ಲ. ಯಾಜಕಕಾಂಡದ 15ನೆಯ ಅಧ್ಯಾಯದ ಪ್ರಕಾರ ರಕ್ತಸ್ರಾವವುಳ್ಳವಳು ಅಶುದ್ಧಳು. ಆಕೆಯ ಹಾಸಿಗೆಯನ್ನು ಮುಟ್ಟಿದವನೂ ಅಶುದ್ಧನು. ಅರಣ್ಯಕಾಂಡದ 19ನೆಯ ಅಧ್ಯಾಯದ ಪ್ರಕಾರ ಹೆಣವನ್ನು ಮುಟ್ಟಿದವನಿಗೆ ಏಳು ದಿವಸದ ಮೈಲಿಗೆ. ಆದರೂ ಆ ಹೆಂಗಸು ತನ್ನ ಉಡುಪನ್ನು ಮುಟ್ಟಿದಾಗ ಆತನು ಆಕೆಯನ್ನು ಗದರಿಸಲಿಲ್ಲ. ಸತ್ತುಹೋಗಿದ್ದ ಹುಡುಗಿಯ ಕೈಯನ್ನು ತಾನೇ ಹಿಡಿದನು. ಮೈಲಿಗೆಯು ಆತನಿಗೆ ಅಂಟಲಿಲ್ಲ. ಆತನ ಜೀವವೇ ಅವರಿಗೆ ಹರಿಯಿತು.

ಮುಟ್ಟುವದು ಎಷ್ಟು ದೊಡ್ಡ ಮಾತೆಂದು ನಮ್ಮ ಸೀಮೆಯವರಿಗೆ ಹೇಳಬೇಕಾದದ್ದಿಲ್ಲ. ನಂಜನಗೂಡಿನಿಂದ ಚಾಮರಾಜನಗರದ ಕಡೆಗೆ ಹೋಗುವ ದಾರಿಯಲ್ಲಿರುವ ಬದನವಾಳು, ಖಾದಿ ನೂಲಿಗೆ ಹೆಸರಾದ ಊರು. 1927ರಲ್ಲಿ ಗಾಂಧಿಯವರು ಬಂದು ನೋಡಿದ ಊರು. ಅದೇ ಊರಿನಲ್ಲಿ 1993ರಲ್ಲಿ ದೇವಸ್ಥಾನದ ಪ್ರವೇಶದ ಕುರಿತು ಎದ್ದ ಜಾತಿಕಲಹದಲ್ಲಿ ಮೂವರು ದಲಿತರು ಕೊಲೆಯಾದರು. ಎರಡು ಕೇರಿಗಳ ನಡುವಣ ಹಾದಿಯು ಆ ಮೇಲೆ ಬಳಕೆ ತಪ್ಪಿ ಬಿದ್ದಿತು. 2022ರ ಅಕ್ಟೋಬರ್ 2ರಂದು ಆ ಹಾದಿಗೆ ಕಲ್ಲುಹಾಸಿ ಮತ್ತೆ ತೆರೆದರು. ಎರಡೂ ಕೇರಿಯವರು ಒಟ್ಟಿಗೆ ಕುಳಿತು ಉಂಡರು. ಮುಚ್ಚಿದ ಹಾದಿಯು ತೆರೆಯುವದಕ್ಕೆ ಇಪ್ಪತ್ತೊಂಬತ್ತು ವರುಷ ಹಿಡಿಯಿತು. ಆದರೆ ಹೆರಿಗೆಯ ನೋವು ಬಂದವಳಿಗೂ ಜ್ವರದಿಂದ ಬೇಯುವ ಕೂಸಿಗೂ ಅಷ್ಟು ವರುಷ ಕಾಯುವದಕ್ಕಾಗದು. ಅವರ ಬಳಿಗೆ ಬರುವ ದಾದಿಯು ಕೇರಿ ಯಾವದೆಂದು ಕೇಳದೆ ಬರಬೇಕು. ಹಾವು ಕಡಿದವನ ಗಾಯವನ್ನು ತೊಳೆಯುವಾಗ, ಬಾಣಂತಿಯ ಬಟ್ಟೆಯನ್ನು ಬದಲಾಯಿಸುವಾಗ ಆಕೆಯ ಕೈಗೆ ಕುಲವು ತಿಳಿಯಬಾರದು.

ಈ ಸೇವೆಯು ನಮ್ಮ ನಾಡಿಗೆ ಸುಲಭವಾಗಿ ಬರಲಿಲ್ಲ. ಪರರ ಮಲ, ರಕ್ತ, ಕೀವನ್ನು ಮುಟ್ಟುವ ಕೆಲಸವೆಂದು ಜನರು ಇದನ್ನು ಬಹುಕಾಲ ಹೀನವಾಗಿ ಎಣಿಸಿದರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ವೆಸ್ಲಿಯನ್ ಮಿಷನಿನವರು ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಅಮ್ಮನವರ ಜ್ಞಾಪಕಾರ್ಥವಾಗಿ ಆಸ್ಪತ್ರೆಯನ್ನು ತೆರೆದರು. ಇಂದಿಗೂ ಸುತ್ತಣ ಹಳ್ಳಿಯವರು ಅದನ್ನು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಂಥ ಕಾಲದಲ್ಲಿ ಈ ದೇಶದ ಮಿಷನ್ ಆಸ್ಪತ್ರೆಗಳಲ್ಲಿ ದಾದಿಯರಾಗಲು ಮುಂದೆ ಬಂದವರಲ್ಲಿ ಕ್ರೈಸ್ತ ಹೆಣ್ಣುಮಕ್ಕಳೇ ಬಹುಮಂದಿ. ಲೋಕವು ಯಾರ ಕೈಯ ನೀರನ್ನು ಒಲ್ಲೆನೆಂದಿತೋ ಅಂಥವರ ಮಕ್ಕಳೂ ಅವರಲ್ಲಿದ್ದರು; ಪ್ರಾಣ ಹೋಗುವ ವೇಳೆಯಲ್ಲಿ ಅದೇ ಕೈಯು ಲೋಕದ ಬಾಯಿಗೆ ನೀರು ಹಾಕಿತು. ಇದು ದೇವರ ಕೆಲಸವಲ್ಲದೆ ಮತ್ತೇನು?

ಎರಡನೆಯದು, ಕರ್ತನು ಕೇಳಿಸಿಕೊಂಡನು. ಹೆಂಗಸಿನ ರಕ್ತವು ನಿಂತಾಗಲೇ ಆಕೆಯ ರೋಗ ಹೋಯಿತು. ಆತನು ಸುಮ್ಮನೆ ಮುಂದಕ್ಕೆ ಹೋಗಬಹುದಾಗಿತ್ತು. ಯಾಯೀರನ ಮನೆಗೆ ಅವಸರವಾಗಿ ತಲುಪಬೇಕಾಗಿತ್ತು. ಆದರೂ ಆತನು ನಿಂತು, ತನ್ನನ್ನು ಮುಟ್ಟಿದವರು ಯಾರೆಂದು ವಿಚಾರಿಸಿದನು. ಆಕೆ ನಡುಗುತ್ತಾ ಬಂದು ತನ್ನ ಸಂಗತಿಯನ್ನೆಲ್ಲಾ ಹೇಳಿಕೊಂಡಳು. ಹನ್ನೆರಡು ವರುಷ ಯಾರೂ ಕೇಳದೆಹೋದ ಮಾತನ್ನು ಆತನು ಕೇಳಿದನು; ಬಳಿಕ ಆಕೆಯನ್ನು ಮಗಳೆಂದು ಕರೆದು ಸಮಾಧಾನದಿಂದ ಕಳುಹಿಸಿದನು. ಔಷಧವು ಶರೀರವನ್ನು ತಲುಪುತ್ತದೆ. ನಾಚಿಕೆಯೂ ಭಯವೂ ಕುಳಿತಿರುವ ಕಡೆಗೆ ಒಳ್ಳೆಯ ಮಾತೇ ತಲುಪಬೇಕು. ಒಳ್ಳೇ ದಾದಿಯು ನಾಡಿಯನ್ನು ನೋಡುವಾಗ ಮುಖವನ್ನೂ ನೋಡುತ್ತಾಳೆ. ರಾತ್ರಿ ನಿದ್ರೆ ಬಂತೋ ಎಂದು ಕೇಳುತ್ತಾಳೆ. ಮನೆಯಲ್ಲಿ ದನಕ್ಕೆ ಮೇವು ಹಾಕುವವರಾರು, ಮಕ್ಕಳು ಯಾರ ಬಳಿಯಲ್ಲಿದ್ದಾರೆ ಎಂದೂ ಕೇಳುತ್ತಾಳೆ. ಕೂಲಿ ತಪ್ಪಿತೆಂಬ ಚಿಂತೆಯಲ್ಲಿ ಮಲಗಿದವನಿಗೆ ಆ ಪ್ರಶ್ನೆಯೇ ಅರ್ಧ ಔಷಧ.

ಮೂರನೆಯದು, ಕರ್ತನು ಮನೆಯವರನ್ನು ಮರೆಯಲಿಲ್ಲ. ಮಗಳು ಸತ್ತಳೆಂಬ ಸುದ್ದಿ ಬಂದ ಕೂಡಲೆ ಆತನು ಮೊದಲು ತಂದೆಯ ಭಯವನ್ನು ನೀಗಿಸಲು ಮಾತಾಡಿದನು. ಮನೆಯಲ್ಲಿ ಗೋಳಾಡುತ್ತಿದ್ದ ಗುಂಪನ್ನು ಹೊರಗೆ ಕಳುಹಿಸಿದನು. ತಂದೆತಾಯಿಗಳನ್ನಾದರೋ ಒಳಗೆ ಕರಕೊಂಡು ಹೋದನು. ಹುಡುಗಿಯು ಎದ್ದು ನಡೆದಾಡಿದ ಮೇಲೆ, ಎಲ್ಲರೂ ಬೆರಗಾಗಿ ನಿಂತಿರುವಾಗ, ಆಕೆಗೆ ಉಣ್ಣಲು ಏನಾದರೂ ಕೊಡಬೇಕೆಂದು ಹೇಳಿದನು. ಸತ್ತವಳನ್ನು ಎಬ್ಬಿಸಿದವನು ಆಕೆಯ ಹಸಿವನ್ನೂ ನೆನಸಿದನು! ಇದೇ ದಾದಿಯ ಕಣ್ಣು.

ಜರ್ಮನಿಯ ಕೈಸರ್ಸ್‌ವರ್ತ್ ಎಂಬ ಊರಿನಲ್ಲಿ ಫ್ಲೀಡ್ನರ್ ಎಂಬ ಪಾದ್ರಿಯವರು 1836ರಲ್ಲಿ ಸಭಾಸೇವಕಿಯರ ಮನೆಯನ್ನು ಸ್ಥಾಪಿಸಿ ರೋಗಿಗಳ ಆರೈಕೆಯನ್ನು ಕಲಿಸಿದರು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಅಲ್ಲಿ ಕಲಿತಳು. 1854ರಲ್ಲಿ ಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳಲು ಸ್ಕುಟಾರಿಗೆ ಹೋದಳು. ಆಕೆಯ ಕೈದೀಪದ ಸುದ್ದಿಯನ್ನು ಎಲ್ಲರೂ ಬಲ್ಲರು. ಆಕೆ ಸಿಪಾಯಿಗಳ ಮನೆಗಳಿಗೆ ಕಾಗದ ಬರೆದಳು, ಅವರ ಸಂಬಳದ ಹಣವು ಹೆಂಡತಿಮಕ್ಕಳಿಗೆ ಮುಟ್ಟುವಂತೆ ಏರ್ಪಾಟು ಮಾಡಿದಳು ಎಂಬದನ್ನು ಬಲ್ಲವರು ಕಡಿಮೆ. ಮಂಚದ ಮೇಲೆ ಮಲಗಿದವನು ಒಬ್ಬನೇ ಆದರೂ ಅವನೊಂದಿಗೆ ಒಂದು ಮನೆಯೇ ನರಳುತ್ತದೆಂದು ಆಕೆ ತಿಳಿದಿದ್ದಳು.

ಪ್ರಿಯರೇ, ಈಗ ನಮ್ಮನ್ನು ನಾವು ಪರೀಕ್ಷಿಸಿಕೊಳ್ಳೋಣ. ಆಸ್ಪತ್ರೆಯಲ್ಲಿ ದಾದಿಯು ಮುಟ್ಟಿದ ರೋಗಿಯು ಹಳ್ಳಿಗೆ ಹಿಂದಿರುಗಿದಾಗ ನಾವು ಮುಟ್ಟುತ್ತೇವೋ? ಕ್ಷಯರೋಗಿಯ ಸಂಗತಿಯನ್ನು ನೋಡಿರಿ. ಆ ರೋಗವು ಕೆಮ್ಮಿದಾಗ ಗಾಳಿಯಿಂದ ಹರಡುತ್ತದೆಯೇ ಹೊರತು ತಟ್ಟೆ ಲೋಟಗಳಿಂದಲ್ಲ. ಎರಡು ವಾರ ಬಿಡದೆ ಕೆಮ್ಮಿದರೆ ಕಫವನ್ನು ಪರೀಕ್ಷೆ ಮಾಡಿಸಬೇಕು. ಸರಕಾರಿ ಆಸ್ಪತ್ರೆಯಲ್ಲಿ ಔಷಧವು ಉಚಿತ. ಸಾಧಾರಣ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಸೇವಿಸಬೇಕು. ಪೌಷ್ಟಿಕ ಆಹಾರಕ್ಕೆಂದು ಚಿಕಿತ್ಸೆಯ ಕಾಲದಲ್ಲಿ ಕೊಡುವ ಹಣವನ್ನು 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿಗೆ ಏರಿಸಲಾಗಿದೆ. ಇಷ್ಟೆಲ್ಲಾ ಇದ್ದರೂ ನಾವು ರೋಗಿಯ ತಟ್ಟೆಯನ್ನು ಬೇರೆಯಿಟ್ಟು, ಜಗಲಿಯಲ್ಲಿ ಮಲಗಿಸಿ, ಅವನ ಪಾಪಕ್ಕೆ ಬಂದ ಶಿಕ್ಷೆಯೆಂದು ಪಿಸುಗುಟ್ಟಿದರೆ, ಔಷಧವು ಕಟ್ಟಿದ್ದನ್ನು ನಾವೇ ಕೆಡವಿದಂತಾಯಿತು. ಹೊಲೆಮೈಲಿಗೆಯೆಂಬ ಮಾತಿನಿಂದ ನಾವೇ ನೊಂದವರು. ನಮ್ಮ ಅಂಗಳದಲ್ಲಿ ಮತ್ತೊಂದು ಮೈಲಿಗೆಯನ್ನು ಹುಟ್ಟಿಸುವದು ನಮಗೆ ತಕ್ಕದ್ದೋ?

ಆದಕಾರಣ ಪ್ರತಿ ಸಭೆಯವರೂ ಈ ಮೂರನ್ನು ಮಾಡಲಿ. ರೋಗಿಯಿರುವ ಮನೆಗೆ ವಾರಕ್ಕೊಮ್ಮೆಯಾದರೂ ಇಬ್ಬರು ಹೋಗಿ ಬಳಿಯಲ್ಲಿ ಕುಳಿತು ಮಾತಾಡಲಿ. ಆ ಮನೆ ನಮ್ಮ ಸಭೆಗೆ ಸೇರದಿದ್ದರೂ, ಬೇರೆ ಕೇರಿಯದಾಗಿದ್ದರೂ ಹೋಗಲಿ. ರೋಗಿಯನ್ನು ಕಾಯುತ್ತಾ ಬಳಲಿದ ತಾಯಿಗೆ ಒಂದು ಹೊತ್ತಿನ ಮುದ್ದೆ ಸಾರು ಕಳುಹಿಸಲಿ. ಮತ್ತು ದಾದಿಯ ಕೆಲಸಕ್ಕೆ ಮನಸ್ಸುಳ್ಳ ಮಗಳನ್ನಾಗಲಿ ಮಗನನ್ನಾಗಲಿ ತಡೆಯದಿರಲಿ. ದಾದಿಯರೂ ಮನುಷ್ಯರೇ, ರಾತ್ರಿಯ ಪಾಳಿಯಿಂದ ಬಳಲಿದವರ ಮೇಲೆ ಕೂಗಾಡದೆ ಅವರಿಗೋಸ್ಕರ ಪ್ರಾರ್ಥಿಸೋಣ. ದಣಿದ ಶಿಷ್ಯರನ್ನು ಏಕಾಂತಕ್ಕೆ ಕರೆದು ವಿಶ್ರಮಿಸಿಕೊಳ್ಳಹೇಳಿದ ಕರ್ತನು ಅವರ ದಣಿವನ್ನೂ ಬಲ್ಲನು.

ಪ್ರಾರ್ಥನೆ: ಓ ಕರ್ತನೇ, ಯಾಯೀರನ ಮಗಳ ಕೈಯನ್ನು ಹಿಡಿದವನೇ, ನಿನ್ನ ದಾದಿಯರ ಕೈಗಳನ್ನು ಬಲಪಡಿಸು. ನಮ್ಮ ಹಳ್ಳಿಗಳಲ್ಲಿ ಯಾರೂ ಮುಟ್ಟದವರನ್ನು ಮುಟ್ಟುವ ಧೈರ್ಯವನ್ನೂ, ಯಾರೂ ಕೇಳದವರ ಮಾತನ್ನು ಕೇಳುವ ತಾಳ್ಮೆಯನ್ನೂ ನಮಗೆ ಅನುಗ್ರಹಿಸು. ಮುಚ್ಚಿಹೋದ ಹಾದಿಗಳನ್ನು ತೆರೆ. ಆಮೆನ್.