ಕಾರಿಲ್ಲದವರ ಊರು

ಭಾರತದಿಂದ ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮಂದಿರನ್ನು ‘ಹೇಗಿದೆ ಅಮೆರಿಕ?’ ಎಂದು ಕೇಳಿ ನೋಡಿ. ‘ಎಲ್ಲಾ ಚೆನ್ನಾಗಿದೆ, ಹೊತ್ತು ಹೋಗಲ್ಲ ಅಷ್ಟೆ’ ಅನ್ನುತ್ತಾರೆ. ಮೈಸೂರಿನಲ್ಲಿ ಹೂವಿಗೆ, ತರಕಾರಿಗೆ, ದೇವಸ್ಥಾನಕ್ಕೆ ಒಬ್ಬರೇ ಓಡಾಡಿಕೊಂಡಿದ್ದ ನಮ್ಮ ಅತ್ತೆ, ಡಾಲಸ್ ಹೊರವಲಯದ ನಮ್ಮ ಮನೆಯಲ್ಲಿ ಒಂದು ಕಟ್ಟು ಕೊತ್ತಂಬರಿಗೂ ನಮ್ಮ ದಾರಿ ಕಾಯಬೇಕು. ಕಾರು ಓಡಿಸಲು ಬಾರದವರು ಇಲ್ಲಿ ಎಷ್ಟೇ ದೊಡ್ಡವರಾದರೂ ಮಕ್ಕಳ ಲೆಕ್ಕವೇ. ಅಂಥ ಅತ್ತೆಯನ್ನು ಕರೆದುಕೊಂಡು ಒಂದು ಲಾಂಗ್ ವೀಕೆಂಡಿಗೆ ನ್ಯೂಯಾರ್ಕ್‌ಗೆ ಹೋದೆವು. ನೋಡಬೇಕಾದ ಜಾಗಗಳ ಪಟ್ಟಿ ನನ್ನದಿತ್ತು. ಊರನ್ನು ನೋಡುವ ಬಗೆ ಮಾತ್ರ ಅವರಿಂದ ಬಂತು.

ಮ್ಯಾನ್‌ಹಟನ್‌ನ ಬಹುಭಾಗದಲ್ಲಿ ದಾರಿ ತಪ್ಪುವುದೇ ಕಷ್ಟ. ಜನವಸತಿ ಇನ್ನೂ ದ್ವೀಪದ ದಕ್ಷಿಣ ತುದಿಯಲ್ಲೇ ಇದ್ದ 1811ರಲ್ಲೇ, ಮುಂದೆ ಬೆಳೆಯಲಿರುವ ಊರಿಗೆಂದು 155 ಅಡ್ಡಬೀದಿಗಳನ್ನೂ 12 ಅವೆನ್ಯೂಗಳನ್ನೂ ಗೆರೆ ಎಳೆದು ಇಟ್ಟಿದ್ದರು. ಬ್ರಾಡ್‌ವೇ ಈ ಚೌಕಟ್ಟಿಗೆ ಬಗ್ಗದೆ ಓರೆಯಾಗಿ ಸಾಗುತ್ತದೆ. ಅದರ ಕೆಲವು ಭಾಗ ಮೂಲನಿವಾಸಿಗಳ ಹಳೆಯ ಕಾಲುದಾರಿಯ ಜಾಡು. ಅರ್ಧ ಗಂಟೆ ನಡೆಯುವಷ್ಟರಲ್ಲಿ ಅತ್ತೆಗೆ ಲೆಕ್ಕ ಸಿಕ್ಕಿತು. “ಸರಸ್ವತಿಪುರಂ ಥರ ಮೇನು, ಕ್ರಾಸು ಇದೆಯಲ್ಲೇ. ಇನ್ನು ನಿನ್ನ ಫೋನು ಒಳಗಿಡು” ಅಂದರು. ಅಲ್ಲಿಂದ ಮುಂದೆ ಅವರು ಮುಂದೆ, ನಾವು ಹಿಂದೆ.

ಸಬ್‌ವೇ ಶುರುವಾದದ್ದು 1904ರ ಅಕ್ಟೋಬರ್ 27ರಂದು. ಈಗ 472 ನಿಲ್ದಾಣಗಳು, ಹಗಲು ರಾತ್ರಿ ಎನ್ನದೆ ಓಡುವ ರೈಲುಗಳು. ನಿಲ್ದಾಣಗಳು ಚೆಂದವೇನಲ್ಲ. ಬೇಸಗೆಯಲ್ಲಿ ಧಗೆ, ಹಳಿಯ ಮೇಲೆ ಇಲಿಗಳು. ಲಿಫ್ಟ್ ಇಲ್ಲದ ನಿಲ್ದಾಣಗಳೇ ಹೆಚ್ಚಾದ್ದರಿಂದ ಮಂಡಿನೋವಿನವರಿಗೆ ಪ್ರತಿ ಮೆಟ್ಟಿಲೂ ಪರೀಕ್ಷೆ. ಆದರೂ ಬೋಗಿಯೊಳಗಿನ ಜನಸಂದಣಿಯಲ್ಲಿ ಅತ್ತೆಯ ಮುಖ ಅರಳಿತು. ಸೂಟು ತೊಟ್ಟವರು, ಸಿಮೆಂಟು ಮೆತ್ತಿದ ಬೂಟಿನವರು, ಶಾಲೆ ಮಕ್ಕಳು, ಎಲ್ಲರದೂ ಒಂದೇ ಕಂಬಿ ಹಿಡಿದ ಪಯಣ. ಒಬ್ಬ ಹುಡುಗ ಫೋನಿನಿಂದ ತಲೆ ಎತ್ತದೆಯೇ ಎದ್ದು ಅವರಿಗೆ ಸೀಟು ಬಿಟ್ಟುಕೊಟ್ಟ.

ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನಲ್ಲಿ ಚದುರಂಗ ಆಡುವವರು, ಹಾಡುವವರು, ಸುಮ್ಮನೆ ಕೂತವರು. ಅಲ್ಲಿನ ಬೆಂಚಿನಿಂದ ಅತ್ತೆಯನ್ನು ಎಬ್ಬಿಸುವುದೇ ಕಷ್ಟವಾಯಿತು. ಈ ಜಾಗ ಉಳಿದದ್ದಕ್ಕೂ ಒಂದು ಕಥೆಯಿದೆ. ರಾಬರ್ಟ್ ಮೋಸೆಸ್ ಎಂಬ ಪ್ರಬಲ ಅಧಿಕಾರಿ ಈ ನಗರದ ಉದ್ದಗಲಕ್ಕೆ ಹೆದ್ದಾರಿ, ಸೇತುವೆಗಳನ್ನು ಕಟ್ಟಿಸಿದರು. ತಾವು ಮಾತ್ರ ಕಾರು ಓಡಿಸುವುದನ್ನು ಕಲಿಯಲೇ ಇಲ್ಲ. ಈ ಪಾರ್ಕಿನ ನಡುವೆಯೂ ವಾಹನಗಳಿಗೆ ರಸ್ತೆ ಹಾಯಿಸಲು ಹೊರಟಾಗ ಸುತ್ತಲಿನ ನಿವಾಸಿಗಳು ಪಟ್ಟುಹಿಡಿದು ತಡೆದರು. ಆ ಹೋರಾಟದಲ್ಲಿದ್ದ ಜೇನ್ ಜೇಕಬ್ಸ್ 1961ರಲ್ಲಿ ನಗರಗಳ ಬಗ್ಗೆ ಒಂದು ಪುಸ್ತಕ ಬರೆದರು. ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಂಗಡಿಯವರ, ಕಿಟಕಿಯಲ್ಲಿ ನಿಂತವರ, ಓಡಾಡುವವರ ಕಣ್ಣು ಎಂಬುದು ಅವರ ಮುಖ್ಯ ಮಾತುಗಳಲ್ಲೊಂದು. ನಾನು ಇದನ್ನು ಹೇಳಿದಾಗ ಅತ್ತೆಗೆ ಹೊಸದೆನಿಸಲಿಲ್ಲ. “ಇದಕ್ಕೆ ಪುಸ್ತಕ ಬರೀಬೇಕಾಯ್ತೇ? ನಮ್ಮ ಬೀದಿ ಹೂವಿನವಳನ್ನ ಕೇಳಿದ್ರೆ ಹೇಳ್ತಿದ್ಲು” ಅಂದರು.

ಮರುದಿನ 7ನೇ ನಂಬರಿನ ರೈಲು ಹಿಡಿದು ಕ್ವೀನ್ಸ್‌ನ ಫ್ಲಶಿಂಗ್‌ಗೆ ಹೋದೆವು. ಮ್ಯಾನ್‌ಹಟನ್ ಬಿಟ್ಟಮೇಲೆ ಬಹುದೂರ ಅದು ಮೇಲ್ಸೇತುವೆಯ ಮೇಲೆ ಓಡುತ್ತದೆ. ಬೀದಿಯ ಬೋರ್ಡುಗಳ ಭಾಷೆ ಬದಲಾಗುತ್ತಾ ಹೋಗುತ್ತದೆ. ಕೊನೆಯ ನಿಲ್ದಾಣದಲ್ಲಿ ಇಳಿದು, ಚೀನೀ ತರಕಾರಿ ಅಂಗಡಿಗಳ ಸಾಲು ದಾಟಿ ನಡೆದರೆ ಬೌನ್ ಸ್ಟ್ರೀಟಿನಲ್ಲಿ ಗಣೇಶನ ಗುಡಿ. 1977ರಲ್ಲಿ ಕುಂಭಾಭಿಷೇಕವಾದ ಇದು ಅಮೆರಿಕದ ಹಳೆಯ ಹಿಂದೂ ದೇವಸ್ಥಾನಗಳಲ್ಲೊಂದು. ಕೆಳಗಿನ ಕ್ಯಾಂಟೀನಿನ ದೋಸೆಗೆ ಭಕ್ತರಲ್ಲದವರೂ ಬರುತ್ತಾರೆ. ಅಲ್ಲಿ ಪರಿಚಯವಾದ ನಮ್ಮ ಕಡೆಯ ಹಿರಿಯರೊಬ್ಬರು ದಿನಾ ಬಸ್ಸಿನಲ್ಲಿ ಒಬ್ಬರೇ ಬಂದು ಹೋಗುತ್ತಾರಂತೆ. ಸ್ವಾತಂತ್ರ್ಯದೇವಿಯ ಪ್ರತಿಮೆ ಕಾಣುವಂತೆ ಸಾಗುವ, ಬಿಡಿಗಾಸೂ ಕೇಳದ ಸ್ಟಾಟನ್ ಐಲೆಂಡ್ ಫೆರಿಯಲ್ಲಿ ಕೂತಾಗಲೂ ಅತ್ತೆ ಮಾತಾಡುತ್ತಿದ್ದದ್ದು ಬಸ್ಸಿನಲ್ಲಿ ಬರುವ ಆ ಹಿರಿಯರ ಬಗ್ಗೆಯೇ.

ಪ್ರವಾಸಿಗೆ ಊರು ತನ್ನ ಖರ್ಚಿನ ಚೀಟಿ ತೋರಿಸುವುದಿಲ್ಲ ಎಂಬುದೂ ನಿಜ. ನಾವು ಬಾಡಿಗೆ ಕಟ್ಟಲಿಲ್ಲ. ರಾತ್ರಿ ಫುಟ್‌ಪಾತಿನ ಮೇಲೆ ರಾಶಿಬೀಳುವ ಕಸದ ಚೀಲಗಳ ಜೊತೆ ಬಾಳಬೇಕಾಗಿಲ್ಲ. ರಟ್ಟು ಹಾಸಿಕೊಂಡು ಮಲಗಿದವರನ್ನು ದಾಟಿ ನಾವೂ ಹೋಟೆಲಿಗೆ ನಡೆದೆವು. ನಮ್ಮ ಉಪನಗರಕ್ಕೆ ಅದರದೇ ಸುಖಗಳಿವೆ: ಹಿತ್ತಲು, ನೆಮ್ಮದಿಯ ನಿದ್ದೆ, ಮಕ್ಕಳಿಗೆ ಒಳ್ಳೆಯ ಶಾಲೆ. ಅದನ್ನು ಬಿಟ್ಟು ಎಲ್ಲರೂ ನ್ಯೂಯಾರ್ಕಿಗೆ ಗಂಟುಮೂಟೆ ಕಟ್ಟಿ ಎಂದು ಹೇಳುತ್ತಿಲ್ಲ.

ಆದರೆ ಮನೆ ಕೊಳ್ಳುವಾಗ ಶಾಲೆಯ ರೇಟಿಂಗ್ ನೋಡುತ್ತೇವೆ, ಗ್ಯಾರೇಜಿನಲ್ಲಿ ಎಷ್ಟು ಕಾರು ಹಿಡಿಯುತ್ತವೆ ಎಂದು ನೋಡುತ್ತೇವೆ. ಕಾರಿಲ್ಲದೆ ಎಲ್ಲಿಗೆ ಹೋಗಬಹುದು ಎಂದು ಯಾರೂ ಕೇಳುವುದಿಲ್ಲ. ಇದು ಬಂದು ಹೋಗುವ ಹಿರಿಯರ ಪ್ರಶ್ನೆ ಮಾತ್ರವಲ್ಲ. ಯೌವನದಲ್ಲಿ ಈ ದೇಶಕ್ಕೆ ಬಂದ ನಮ್ಮವರಲ್ಲಿ ಅನೇಕರಿಗೆ ಈಗ ಎಪ್ಪತ್ತು ದಾಟಿದೆ. ರಾತ್ರಿ ಡ್ರೈವ್ ಮಾಡಲು ಕಣ್ಣು ಒಪ್ಪುವುದಿಲ್ಲವೆಂದು ಕಾರ್ಯಕ್ರಮಗಳಿಗೆ ಬರುವುದನ್ನೇ ಬಿಟ್ಟವರು ಪ್ರತಿ ಕನ್ನಡ ಕೂಟದಲ್ಲೂ ಇದ್ದಾರೆ. ಅಂಥವರನ್ನು ಕರೆತರಲು ಕೂಟಗಳು ಸ್ವಯಂಸೇವಕರ ಸರದಿ ಹಾಕಬಹುದು. ಅದು ಈ ವರ್ಷದ ಕೆಲಸ. ನಮ್ಮ ಸಿಟಿ ಕೌನ್ಸಿಲ್ ಸಭೆಗೆ ಹೋಗಿ ಬಸ್ಸು ಬೇಕು, ಫುಟ್‌ಪಾತ್ ಬೇಕು ಎಂದು ಕೇಳುವುದು ವರ್ಷಗಟ್ಟಲೆ ಹಿಡಿಯುವ ಕೆಲಸ. ನಮಗೂ ವಯಸ್ಸಾಗುವುದರೊಳಗೆ ಶುರುಮಾಡಿದರೆ ಒಳ್ಳೆಯದು.