ವಾಪಸ್ ಹೋಗ್ತೀವಿ ಅಂದವರು

1962ರ ಡಿಸೆಂಬರ್. ಇಂಗ್ಲೆಂಡಿನ ಸೌತಾಂಪ್ಟನ್ ಹತ್ತಿರ ಕ್ಯಾಲ್‌ಶಾಟ್ ಅಂತ ಒಂದು ಜಾಗ. ವಾಯುಪಡೆಯವರು ಬಿಟ್ಟುಹೋಗಿದ್ದ ಕ್ವಾರ್ಟರ್ಸ್‌ನಲ್ಲಿ ಸುಮಾರು ಒಂದು ವರ್ಷದಿಂದ ಬಿಡಾರ ಹೂಡಿದ್ದ ಒಂದು ಇಡೀ ಊರಿನ ಜನ ಮತ ಹಾಕಿದರು. ಪ್ರಶ್ನೆ ಒಂದೇ: ಇಲ್ಲೇ ಇರ್ತೀರೋ, ಬಿಟ್ಟುಬಂದ ದ್ವೀಪಕ್ಕೆ ವಾಪಸ್ ಹೋಗ್ತೀರೋ?

148 ಜನ ವಾಪಸ್ ಹೋಗ್ತೀವಿ ಅಂದರು. ಇಲ್ಲೇ ಇರ್ತೀವಿ ಅಂದವರು ಐದೇ ಜನ.

ಅವರು ಹೋಗ್ತೀವಿ ಅಂದ ಜಾಗ ಎಂಥದ್ದು ಗೊತ್ತಾ? ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಟ್ರಿಸ್ಟನ್ ಡ ಕುನ್ಯಾ ಅನ್ನೋ ಜ್ವಾಲಾಮುಖಿ ದ್ವೀಪ. ಅಲ್ಲಿಂದ ಕೇಪ್‌ಟೌನ್‌ಗೆ ಸುಮಾರು 2,800 ಕಿಲೋಮೀಟರ್. ಅತಿ ಹತ್ತಿರದ ‘ಪಕ್ಕದೂರು’ ಸೇಂಟ್ ಹೆಲೆನಾ. ಅದೂ 2,400 ಕಿಲೋಮೀಟರ್ ದೂರ. ವಿಮಾನ ಇಳಿಯೋಕೆ ಜಾಗ ಇಲ್ಲ. ಇವತ್ತಿಗೂ ಕೇಪ್‌ಟೌನ್‌ನಿಂದ ಹಡಗು ಹತ್ತಿದರೆ ಹೆಚ್ಚುಕಡಿಮೆ ಒಂದು ವಾರ ಬೇಕು. ಎರಡು ಸಾವಿರ ಮೀಟರಿಗೂ ಎತ್ತರದ ಬೆಟ್ಟ, ಅದರ ಬುಡದಲ್ಲಿ ಒಂದು ಪಟ್ಟಿಯಷ್ಟು ಸಪಾಟು ನೆಲ, ಅದರ ಮೇಲೆ ಒಂದೇ ಒಂದು ಊರು. ಕಾಗದದ ಮೇಲೆ ಊರಿನ ಹೆಸರು ಬಹಳ ದೊಡ್ಡದು: ‘ಏಳು ಸಾಗರಗಳ ಎಡಿನ್‌ಬರೋ’. 1867ರಲ್ಲಿ ಎಡಿನ್‌ಬರೋದ ಡ್ಯೂಕ್ ಆಗಿದ್ದ ರಾಜಕುಮಾರ ಬಂದುಹೋದ ನೆನಪಿಗೆ ಇಟ್ಟಿದ್ದು. ಊರಿನವರು ಮಾತ್ರ ಬರೀ ‘ಸೆಟ್ಲ್‌ಮೆಂಟ್’ ಅಂತಾರೆ. ಒಂದೇ ಊರು ಇರೋವಾಗ ಹೆಸರು ಯಾಕೆ ಬೇಕು ಅಲ್ವಾ?

ಈ ಊರು ಶುರುವಾಗಿದ್ದೇ ಒಂದು ಕರಾರಿನಿಂದ. 1816ರಲ್ಲಿ ಬ್ರಿಟಿಷರು ಅಲ್ಲಿ ಸೈನ್ಯದ ಒಂದು ತುಕಡಿ ಇಟ್ಟರು, ಮರುವರ್ಷವೇ ವಾಪಸ್ ಕರೆಸಿಕೊಂಡರು. ವಿಲಿಯಂ ಗ್ಲಾಸ್ ಎಂಬ ಕಾರ್ಪೊರಲ್ ಮಾತ್ರ ತನ್ನ ಸಂಸಾರದ ಜೊತೆ ಉಳಿದುಕೊಂಡ. ಜೊತೆಗೆ ಇನ್ನಿಬ್ಬರು. 1817ರ ನವೆಂಬರಿನಲ್ಲಿ ಆ ಮೂವರು ಒಂದು ಕಾಗದಕ್ಕೆ ಸಹಿ ಹಾಕಿದರು. ದನಕರು, ಸಾಮಾನು ಎಲ್ಲ ಎಲ್ಲರದ್ದು, ಲಾಭ ಸಮಪಾಲು, ಖರ್ಚೂ ಸಮಪಾಲು, ಒಬ್ಬರು ಇನ್ನೊಬ್ಬರಿಗಿಂತ ಮೇಲು ಅನ್ನೋದು ಇರಕೂಡದು. ಕರಾರಿನ ಸಾರಾಂಶ ಇಷ್ಟೇ. ನಮ್ಮ ಆಫೀಸಿನ ಗೋಡೆ ಮೇಲೂ ಇಂಥ ಮಾತು ಫ್ರೇಮ್ ಹಾಕಿಸಿ ನೇತುಹಾಕಿದ್ದಾರೆ, ಬಿಡಿ. ಆದರೆ ಇವರ ಊರಲ್ಲಿ ಆ ಮಾತಿನ ಗುರುತು ಇನ್ನೂ ಉಳಿದಿದೆ. ಜಮೀನು ಇವತ್ತಿಗೂ ಇಡೀ ಸಮುದಾಯದ್ದು. ಒಂದು ಮನೆಯವರು ಇಷ್ಟೇ ದನ, ಇಷ್ಟೇ ಕುರಿ ಸಾಕಬೇಕು ಅಂತ ಮಿತಿ ಇದೆ. ಹುಲ್ಲುಗಾವಲು ಉಳೀಲಿ ಅಂತಲೂ ಹೌದು, ಒಬ್ಬರೇ ದೊಡ್ಡ ಕುಳ ಆಗಬಾರದು ಅಂತಲೂ ಹೌದು.

ಊರಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ಆಲೂಗಡ್ಡೆ ಹೊಲಗಳು. ಕಲ್ಲುಗೋಡೆ ಕಟ್ಟಿದ ಪುಟ್ಟ ಪುಟ್ಟ ಪಾತಿಗಳಲ್ಲಿ ಪ್ರತಿ ಮನೆಯವರೂ ಬೆಳೀತಾರೆ. 1946ರಲ್ಲಿ ಅವರಿಗೋಸ್ಕರ ತಯಾರಿಸಿದ ಒಂದು ಅಂಚೆಚೀಟಿ ಮಾದರಿಯ ಮೇಲೆ ಒಂದು ಪೆನ್ನಿ ಬೆಲೆಯ ಜೊತೆಗೆ ನಾಲ್ಕು ಆಲೂಗಡ್ಡೆ ಅಂತಲೂ ನಮೂದಿಸಿದ್ದರು! ಈಗ ಲಾಬ್‌ಸ್ಟರ್ ಹಿಡಿದು ಹೊರದೇಶಕ್ಕೆ ಮಾರೋದು ಮುಖ್ಯ ಆದಾಯ. ಕಡಲು ಸುಮ್ಮನಿದೆ, ದೋಣಿ ಇಳಿಸಬಹುದು ಅನ್ನೋ ದಿನ ಬೆಳಗ್ಗೆ ಖಾಲಿ ಗ್ಯಾಸ್ ಸಿಲಿಂಡರ್ ಬಾರಿಸ್ತಾರೆ. ಅದು ಇಡೀ ಊರಿಗೆ ಕರೆ.

ಇದನ್ನೆಲ್ಲ ಓದಿ ‘ಆಹಾ ಎಂಥ ಬದುಕು, ನಾವೂ ಹೋಗಿಬಿಡೋಣ’ ಅನ್ನಿಸಿದರೆ ಸ್ವಲ್ಪ ತಡೀರಿ. 1885ರಲ್ಲಿ ದೂರದಲ್ಲಿ ಹೋಗ್ತಿದ್ದ ಒಂದು ಹಡಗಿನ ಜೊತೆ ವ್ಯಾಪಾರ ಮಾಡೋಣ ಅಂತ ದೋಣಿ ಹತ್ತಿ ಹೋದ 15 ಗಂಡಸರು ತಿರುಗಿ ಬರಲಿಲ್ಲ. ಅಷ್ಟು ಸಣ್ಣ ಊರಿಗೆ 15 ಜನ ಅಂದರೆ ಏನು ಅಂತ ಲೆಕ್ಕ ಹಾಕಿ. ಊರಿನ ಬಹುತೇಕ ಮನೆಗಳಲ್ಲಿ ಸೂತಕ.

1961ರ ಆಗಸ್ಟಿನಲ್ಲಿ ನೆಲ ನಡುಗೋಕೆ ಶುರುವಾಯ್ತು. ಅಕ್ಟೋಬರಿನಲ್ಲಿ ಊರಿನ ಪಕ್ಕದಲ್ಲೇ ನೆಲ ಬಿರಿದು ಉಬ್ಬಿತು, ಜ್ವಾಲಾಮುಖಿ ಬಾಯಿ ಬಿಟ್ಟಿತು. ಅಕ್ಟೋಬರ್ 10ರಂದು ಊರಿಗೆ ಊರೇ, ಅಂದರೆ 264 ಜನ, ದೋಣಿ ಹತ್ತಿದರು. ಪಕ್ಕದ ನೈಟಿಂಗೇಲ್ ದ್ವೀಪದಲ್ಲಿ ರಾತ್ರಿ ಕಳೆದು, ಡಚ್ ಹಡಗೊಂದರಲ್ಲಿ ಕೇಪ್‌ಟೌನ್‌ಗೆ, ಅಲ್ಲಿಂದ ಇಂಗ್ಲೆಂಡಿಗೆ. ಲಾವಾ ಹರಿದು ಲಾಬ್‌ಸ್ಟರ್ ಕಾರ್ಖಾನೆಯನ್ನೂ ದೋಣಿ ಇಳಿಸುವ ದಂಡೆಯನ್ನೂ ನುಂಗಿತು. ಮನೆಗಳು ಮಾತ್ರ ಹೆಚ್ಚಿನವು ಉಳಿದವು.

ಇಂಗ್ಲೆಂಡಿನಲ್ಲಿ ಅವರನ್ನು ಯಾರೂ ಕೆಟ್ಟದಾಗಿ ನೋಡಿಕೊಳ್ಳಲಿಲ್ಲ ಅನ್ನೋದು ಮುಖ್ಯ. ಸೂರು ಕೊಟ್ಟರು, ಗಂಡಸರಿಗೆ ಕೆಲಸ ಸಿಕ್ಕಿತು, ವಾರದ ಸಂಬಳ ಕೈಗೆ ಬಂತು, ಮಕ್ಕಳು ಶಾಲೆಗೆ ಹೋದರು. ಆದರೆ ಹೊರಗಿನ ಸೋಂಕು ಅಭ್ಯಾಸವಿಲ್ಲದ ಮೈಗಳು. ಮೊದಲ ಚಳಿಗಾಲದಲ್ಲೇ ಕೆಲವು ಹಿರಿಯರು ತೀರಿಕೊಂಡರು. ಆದರೂ ಇಷ್ಟು ಸೌಲಭ್ಯ ಕಂಡ ಮೇಲೆ ಆ ಬಂಡೆಗೆ ಯಾರು ವಾಪಸ್ ಹೋಗ್ತಾರೆ ಅಂತಲೇ ಹೊರಗಿನವರಿಗೆ ಅನ್ನಿಸಿತ್ತು. ಅದಕ್ಕೇ 148ಕ್ಕೆ 5 ಅನ್ನೋ ಲೆಕ್ಕ ಅಷ್ಟೊಂದು ಸುದ್ದಿಯಾಗಿದ್ದು. 1963ರಲ್ಲಿ ಅವರು ಹೊರಟೇಬಿಟ್ಟರು.

ಈ ಕಥೆ ನನ್ನನ್ನು ಯಾಕೆ ಬಿಡ್ತಿಲ್ಲ ಅಂದರೆ, ನಮ್ಮನೆಯಲ್ಲಿ ‘ಹೊರಗಿನವನು’ ನಾನೇ.

ನಮ್ಮದು ಮಲೆನಾಡಿನ ಏಳು ಮನೆಯ ಊರು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋಗಿ, ಅಪ್ಪ ಜ್ವರ ಬಂದು ಮೂರು ದಿನ ಒಬ್ಬರೇ ಮಲಗಿದ್ದರು. ವಿಷಯ ಗೊತ್ತಾಗಿದ್ದೇ ಕಾರು ತಗೊಂಡು ಹೋಗಿ ಕರ್ಕೊಂಡು ಬಂದೆ. ಬೆಂಗಳೂರಿನಲ್ಲಿ ಮೂರನೇ ಮಹಡಿ, ಲಿಫ್ಟ್ ಇದೆ, ಹತ್ತು ನಿಮಿಷಕ್ಕೆ ಆಸ್ಪತ್ರೆ. ಅಪ್ಪ ಯಾವತ್ತೂ ಜಗಳ ಆಡಲಿಲ್ಲ. ಒಂದು ಸಂಜೆ ಮಾತ್ರ ಬಾಲ್ಕನಿಯಲ್ಲಿ ನಿಂತು, ‘ನನ್ಗಿಲ್ಲಿ ಎಂಥ ಕೆಲ್ಸ ಉಂಟು ಮಾರಾಯ?’ ಅಂದರು. ‘ಕೆಲಸ ಯಾಕಪ್ಪಾ, ಆರಾಮಾಗಿರಿ’ ಅಂದೆ. ಆ ಉತ್ತರ ಕೊಡುವಾಗ ನನಗೆ ತುಂಬಾ ಒಳ್ಳೆಯ ಮಗ ಅನ್ನಿಸಿತ್ತು.

ಇನ್ನೊಬ್ಬರನ್ನು ಕಾಪಾಡಿದ ಮೇಲೆ, ಅವರು ಎಲ್ಲಿ ಬದುಕಬೇಕು ಅಂತ ನಿರ್ಧರಿಸೋ ಹಕ್ಕು ನಮಗೆ ಬರತ್ತಾ? ಅಪಾಯದಿಂದ ಎತ್ತಿಕೊಂಡು ಬರೋದು ಸರಿ. ನೆಲ ಬಿರಿಯುವಾಗ ಮತ ಹಾಕಿಸುತ್ತಾ ಕೂರೋಕಾಗಲ್ಲ. ಆದರೆ ಬೆಂಕಿ ಆರಿದ ಮೇಲೆ ಕೇಳಲೇಬೇಕಲ್ಲ? ಅವರನ್ನು ಕೇಳಿದರು. ನಾನು ಅಪ್ಪನನ್ನು ಕೇಳಿರಲೇ ಇಲ್ಲ.

ಹಾಗಂತ ಆ 148 ಮತಗಳನ್ನು ದೇವರ ಪಟದಂತೆ ಪೂಜೆ ಮಾಡೋದೂ ಬೇಡ. ಮತ ಹಾಕೋ ವಯಸ್ಸಾಗದ ಮಕ್ಕಳ ಪರವಾಗಿಯೂ ದೊಡ್ಡವರೇ ತೀರ್ಮಾನ ಮಾಡಿದ ಹಾಗಾಯ್ತು. ಹೋದವರಲ್ಲಿ ಕೆಲವರಿಗೆ ಹಳೇ ಬದುಕು ಒಗ್ಗದೆ ಕೆಲವೇ ವರ್ಷಗಳಲ್ಲಿ ಮತ್ತೆ ಇಂಗ್ಲೆಂಡಿಗೆ ಬಂದರು. ಅಲ್ಲಿನ ಸಮಾನತೆಗೆ ಒಂದು ಬೇಲಿಯೂ ಇದೆ: ಹೊರಗಿನವರು ಅಲ್ಲಿ ಜಾಗ ಕೊಳ್ಳುವಂತಿಲ್ಲ, ನೆಲೆಸುವಂತಿಲ್ಲ, ನೋಡಿ ಬರೋಕೂ ಮೊದಲೇ ದ್ವೀಪದ ಕೌನ್ಸಿಲ್ ಒಪ್ಪಬೇಕು. ಎಲ್ಲರೂ ಸಮಾನ, ಆದರೆ ‘ಎಲ್ಲರೂ’ ಯಾರು ಅನ್ನೋದು ಮೊದಲೇ ಗೊತ್ತಾಗಿರೋ ಊರು ಅದು. ಇವತ್ತು ಅಲ್ಲಿ 250 ಜನರೂ ಇಲ್ಲ.

ಇಷ್ಟೆಲ್ಲ ಇದ್ದರೂ ಅವರ ಮತದಲ್ಲಿ ನಾನು ಮೊದಲು ಗಮನಿಸದೇ ಇದ್ದ ಒಂದು ವಿಷಯ ಇದೆ. ‘ಅವರವರ ಆಯ್ಕೆ ಅವರವರಿಗೆ’ ಅಂತ ನಾವು ಮಾತು ಮಾತಿಗೆ ಹೇಳ್ತೀವಿ. ಆದರೆ ಆ 148 ಜನರಲ್ಲಿ ಯಾರೊಬ್ಬರೂ ಒಂಟಿಯಾಗಿ ವಾಪಸ್ ಹೋಗೋಕೆ ಸಾಧ್ಯವೇ ಇರಲಿಲ್ಲ. ದೋಣಿ ನೀರಿಗಿಳಿಸೋಕೆ ಜನ ಬೇಕು, ಮಾಡಿಗೆ ಹುಲ್ಲು ಹೊದಿಸೋಕೆ ಜನ ಬೇಕು, ಹೆಣ ಹೊರೋಕೂ ಜನ ಬೇಕು. ಮತ ಉಲ್ಟಾ ಬಿದ್ದು, ಐದೇ ಜನ ಹೋಗ್ತೀವಿ ಅಂದಿದ್ದರೆ? ಆ ಐವರಿಗೆ ಪೂರ್ತಿ ಸ್ವಾತಂತ್ರ್ಯ ಇರ್ತಿತ್ತು, ಹೋಗೋಕೆ ಊರು ಇರ್ತಿರಲಿಲ್ಲ. ಊರು ಅನ್ನೋದು ಒಬ್ಬರು ಆರಿಸಿಕೊಳ್ಳುವ ವಸ್ತು ಅಲ್ಲ. ಉಳಿದವರೂ ಆರಿಸಿಕೊಂಡರೆ ಮಾತ್ರ ಅದು ಇರತ್ತೆ. ನಾನು ಬೆಂಗಳೂರು ಆರಿಸಿಕೊಂಡ ದಿನ, ನನಗೆ ಗೊತ್ತಿಲ್ಲದೇ ಅಪ್ಪನ ಊರಿನ ವಿರುದ್ಧವೂ ಒಂದು ಮತ ಹಾಕಿದ್ದೆ. ತಪ್ಪು ಮಾಡಿದೆ ಅಂತಲ್ಲ. ಆದರೆ ‘ಅದು ನನ್ನೊಬ್ಬನ ನಿರ್ಧಾರ’ ಅಂತ ಮಾತ್ರ ಇನ್ನು ಹೇಳಲಾರೆ.

ಕಳೆದ ಭಾನುವಾರ ಕೊನೆಗೂ ಕೇಳಿದೆ. ‘ಅಪ್ಪಾ, ಊರಿಗೆ ವಾಪಸ್ ಹೋಗ್ಬೇಕು ಅನ್ಸತ್ತಾ?’

ಅಪ್ಪ ಪೇಪರ್ ಮಡಚಿಟ್ಟರು. ‘ಈಗ ಅಲ್ಲಿ ಯಾರೆಲ್ಲ ಇದ್ದಾರೆ?’ ಅಂತ ಕೇಳಿ, ತಾವೇ ಬೆರಳು ಮಡಚುತ್ತಾ ಮನೆ ಎಣಿಸೋಕೆ ಶುರು ಮಾಡಿದರು. ಮೂರನೇ ಬೆರಳಿಗೆ ನಿಂತರು.

ಮಳೆಗಾಲಕ್ಕೆ ಇನ್ನೂ ನಾಲ್ಕು ತಿಂಗಳಿದೆ. ಆ ಮೂರೂ ಮನೆಯವರ ಫೋನ್ ನಂಬರ್ ಹುಡುಕಿ ಇಟ್ಟುಕೊಂಡಿದ್ದೀನಿ. ಮೊದಲು ಕಾಲುಸಂಕದ ವಿಷಯ ಮಾತಾಡಬೇಕು.