ಹಬ್ಬ ತಪ್ಪಿದರೇನಂತೆ

2020ರ ಏಪ್ರಿಲ್ ತಿಂಗಳು. ಎಷ್ಟೋ ದೇಶಗಳಲ್ಲಿ ಜನ ಹೊಸ್ತಿಲು ದಾಟುವಂತಿರಲಿಲ್ಲ. ಹಿಂದಿನ ತಿಂಗಳು 20ರಂದು ಬಿಡುಗಡೆಯಾಗಿದ್ದ ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ ಎಂಬ ವಿಡಿಯೊ ಗೇಮಿನ ದ್ವೀಪಗಳಲ್ಲಿ ಮಾತ್ರ ಚೆರ್ರಿ ಹೂ ಅರಳಿ ನಿಂತಿತ್ತು. ಆ ಆಟಕ್ಕೆ ಬೇರೆ ಕಾಲಮಾನವಿಲ್ಲ. ನಮ್ಮ ಗೋಡೆಯ ಗಡಿಯಾರ ಎಂಟು ತೋರಿಸಿದರೆ ಅಲ್ಲೂ ಎಂಟು ಗಂಟೆ, ನಮ್ಮ ಡಿಸೆಂಬರ್ ಅಲ್ಲೂ ಡಿಸೆಂಬರ್. ಉತ್ತರ ಗೋಳಾರ್ಧದ ದ್ವೀಪವಾದರೆ ಹೂವಿಗೆ ಹತ್ತೇ ದಿನದ ಆಯಸ್ಸು, ಏಪ್ರಿಲ್ 1ರಿಂದ 10. ಉದುರುವ ಎಸಳುಗಳನ್ನು ಚಿಟ್ಟೆ ಹಿಡಿಯುವ ಬಲೆಯಲ್ಲೇ ಹಿಡಿಯಬೇಕು.

ಅದೇ ದಿನಗಳಲ್ಲಿ ‘ಬನ್ನಿ ಡೇ’ ಎಂಬ ಮೊಟ್ಟೆಗಳ ಹಬ್ಬವೂ ಶುರುವಾಯಿತು. ಗಾಳ ಹಾಕಿದರೆ ಮೀನಿನ ಬದಲು ಮೊಟ್ಟೆ, ಬಂಡೆಗೆ ಹೊಡೆದರೆ ಮೊಟ್ಟೆ, ಕವಣೆ ಬೀಸಿ ಬಲೂನು ಕೆಡವಿದರೆ ಅದರಲ್ಲೂ ಮೊಟ್ಟೆ. ಹೂವಿನ ನೆಮ್ಮದಿ ಮೊಟ್ಟೆಗಳಡಿ ಹೂತುಹೋಯಿತು. ಆಟಗಾರರ ಅಸಮಾಧಾನ ಎಷ್ಟು ಬಲವಾಗಿತ್ತೆಂದರೆ, ಹಬ್ಬ ಮುಗಿಯುವ ಮೊದಲೇ ಆಟ ತಯಾರಿಸಿದ ನಿಂಟೆಂಡೊ ಕಂಪನಿ ಒಂದು ಅಪ್‌ಡೇಟ್ ಕಳಿಸಿ ಮೊಟ್ಟೆ ಸಿಗುವ ಪ್ರಮಾಣವನ್ನು ತಗ್ಗಿಸಿತು. ಈ ಸಣ್ಣ ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಮನೆಯಲ್ಲೇ ಕೂತು ಹೊತ್ತು ಕಳೆಯಬೇಕಾಗಿದ್ದ ಜನ ತಮಗೆ ಕೊಟ್ಟಿದ್ದು ಕಡಿಮೆಯಾಯಿತೆಂದು ದೂರಲಿಲ್ಲ. ಏನೂ ನಡೆಯದ ಹೊತ್ತನ್ನು ವಾಪಸು ಕೊಡಿ ಎಂದು ಕೇಳಿದರು.

ಏನೂ ನಡೆಯದ ಆ ಹೊತ್ತೇ ಈ ಆಟದ ಬೇರು. ಈ ಆಟಗಳ ಸರಣಿಯನ್ನು ರೂಪಿಸಿದ ಕತ್ಸುಯಾ ಎಗುಚಿ ಚಿಬಾದಿಂದ ಕೆಲಸಕ್ಕಾಗಿ ಕ್ಯೋಟೋಗೆ ಬಂದವರು. ಮನೆಯವರು, ಗೆಳೆಯರು ದೂರವಾದಾಗಲೇ ಅವರ ಒಡನಾಟ ಎಷ್ಟು ದೊಡ್ಡದಾಗಿತ್ತೆಂದು ಅವರಿಗೆ ತಿಳಿದದ್ದು. ಆ ಅನುಭವದಿಂದ ಹುಟ್ಟಿದ ಮೊದಲ ಆಟ ಜಪಾನಿನಲ್ಲಿ 2001ರಲ್ಲಿ ಬಂತು. ಒಂದೇ ಹಳ್ಳಿಯಲ್ಲಿ ನಾಲ್ಕು ಜನ ಬಾಳಬಹುದು, ಆದರೆ ಒಬ್ಬೊಬ್ಬರಾಗಿ ಆಡಬೇಕು. ಬೆಳಿಗ್ಗೆ ಆಡಿದವರು ಬಿಟ್ಟುಹೋದ ಕಾಗದವನ್ನು ರಾತ್ರಿ ಬಂದವರು ಓದುತ್ತಾರೆ. ಒಂದೇ ಹೊತ್ತಿಗೆ ಮನೆಯಲ್ಲಿರಲಾಗದವರಿಗಾಗಿ ಹುಟ್ಟಿದ ಗಡಿಯಾರ ಅದು. ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳುವುದು ಸಹಜವೆಂದು ಅದು ಮೊದಲೇ ಒಪ್ಪಿಕೊಂಡಿದೆ.

ಹಾಗಾಗಿ ತಿಂಗಳುಗಟ್ಟಲೆ ಅತ್ತ ಸುಳಿಯದೆ ಮರಳಿದರೂ ಶಿಕ್ಷೆ ಅಷ್ಟರಲ್ಲೇ ಇರುತ್ತದೆ. ಅಂಗಳದಲ್ಲಿ ಕಳೆ ಬೆಳೆದಿರುತ್ತದೆ, ಮನೆಯೊಳಗೆ ಜಿರಳೆ ಓಡುತ್ತವೆ, ಇಷ್ಟು ದಿನ ಎಲ್ಲಿದ್ದೆ ಎಂದು ಆಟದೊಳಗಿನ ನೆರೆಯವರು ಕೇಳುತ್ತಾರೆ. ಊರು ಬಿಡಬೇಕೆಂದುಕೊಂಡ ನೆರೆಯವರೂ ನಿಮ್ಮನ್ನು ಕೇಳಿಯೇ ಹೊರಡುತ್ತಾರೆ. ಆಗಸ್ಟಿನ ಭಾನುವಾರಗಳ ಪಟಾಕಿ ತಪ್ಪಿದರೆ ಮುಂದಿನ ಆಗಸ್ಟ್ ಇದೆ. ತೇರಿಗೆ ಬರಲಾಗದವರಿಗೆ ಊರಿನವರು ‘ಬರೋ ವರ್ಷ ಬನ್ನಿ’ ಎನ್ನುವಂತೆ, ಈ ಆಟವೂ ತಪ್ಪಿಸಿಕೊಂಡವರನ್ನು ಪರಕೀಯರಾಗಿಸುವುದಿಲ್ಲ.

ಗಡಿಯಾರವನ್ನು ಚಾಟಿಯಾಗಿಯೂ ಬಳಸಬಹುದು. 2009ರಲ್ಲಿ ಫೇಸ್‌ಬುಕ್ಕಿಗೆ ಬಂದ ‘ಫಾರ್ಮ್‌ವಿಲ್’ ಎಂಬ ಬೇಸಾಯದ ಆಟ ಮಾಡಿದ್ದು ಅದನ್ನೇ. ಸ್ಟ್ರಾಬೆರಿ ಬಿತ್ತಿದರೆ ನಾಲ್ಕು ಗಂಟೆಯಲ್ಲಿ ಫಸಲು. ಹೇಳಿದ ಹೊತ್ತಿಗೆ ಬಂದು ಕೊಯ್ಯದಿದ್ದರೆ ಬೆಳೆ ಒಣಗುತ್ತಿತ್ತು, ಒಣಗಿದ್ದನ್ನು ಉಳಿಸಿಕೊಳ್ಳಲು ದುಡ್ಡು ತೆರುವ ದಾರಿಯೂ ಇತ್ತು. ಕಚೇರಿಯ ಮೀಟಿಂಗಿನ ನಡುವೆ, ಅಡುಗೆಯ ನಡುವೆ ಎದ್ದು ಹೋಗಿ ಬೆಳೆ ಕೊಯ್ದವರು ಲೆಕ್ಕವಿಲ್ಲದಷ್ಟು ಜನ. 2020ರ ಡಿಸೆಂಬರ್ 31ರಂದು ಆ ಆಟವೇ ಮುಚ್ಚಿತು. ಅದು ಕಲಿಸಿದ ವರಸೆಯನ್ನು ಇಂದಿನ ಎಷ್ಟೋ ಮೊಬೈಲ್ ಆಟಗಳು ಬಿಟ್ಟಿಲ್ಲ.

ಆದರೆ ಎಲ್ಲ ಚಾಟಿಯೂ ಹೊರಗಿನಿಂದ ಬರುವುದಿಲ್ಲ. ಎರಿಕ್ ಬರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದುಡಿದು 2016ರಲ್ಲಿ ಹೊರತಂದ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಆಟವನ್ನು ನೋಡಿ. ಕಚೇರಿಯ ದುಡಿತದಲ್ಲಿ ಬೆಂದವನೊಬ್ಬ ಅಜ್ಜ ಬಿಟ್ಟುಹೋದ ಹೊಲಕ್ಕೆ ಬರುವುದರಿಂದ ಕತೆ ಶುರು. ಋತುವಿಗೆ 28 ದಿನ, ದಿನವೊಂದು ಕಳೆಯಲು ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ಬೇಸಿಗೆಯ ಕೊನೆಯ ರಾತ್ರಿ ಊರಿಗೆ ಊರೇ ಕಡಲ ದಂಡೆಗೆ ಹೋಗಿ, ಬೆಳಗುತ್ತ ಹಾದುಹೋಗುವ ಜೆಲ್ಲಿ ಮೀನುಗಳನ್ನು ನೋಡುತ್ತದೆ. ಅಲ್ಲಿ ಗೆಲ್ಲುವುದಕ್ಕೆ, ಗಳಿಸುವುದಕ್ಕೆ ಏನೂ ಇಲ್ಲ. ಆ ರಾತ್ರಿಯನ್ನೂ ‘ಹಾಳಾದ ದಿನ’ ಎಂದು ಕಳೆಯುವವರಿದ್ದಾರೆ. ಯಾವ ಬೆಳೆಗೆ ದಿನಕ್ಕೆಷ್ಟು ಲಾಭ ಎಂದು ಪಟ್ಟಿ ಬರೆದುಕೊಂಡು, ಕಥಾನಾಯಕ ಬಿಟ್ಟುಬಂದ ಕಚೇರಿಯನ್ನು ಮತ್ತೆ ಹೊಲಕ್ಕೇ ತರುತ್ತಾರೆ. ಮೂರನೇ ವರ್ಷದ ಮೊದಲ ದಿನ ಅಜ್ಜನ ಆತ್ಮ ಬಂದು ಹೊಲ ನೋಡಿ ತೀರ್ಪು ಹೇಳುತ್ತದೆ ಎಂಬುದೇ ಅವರ ಅವಸರಕ್ಕೆ ಕಾರಣ. ಆದರೆ ಅಜ್ಜನ ಗುಡಿಯಲ್ಲಿ ಒಂದು ವಜ್ರ ಇಟ್ಟರೆ ಆತ ಮತ್ತೆ ಬಂದು ನೋಡುತ್ತಾನೆ. ಹತ್ತನೇ ವರ್ಷದಲ್ಲಿ ಕರೆದರೂ ಬರುತ್ತಾನೆ. ಸತ್ತ ಅಜ್ಜನಿಗೇ ಇಲ್ಲದ ಆತುರ ನಮಗೇಕೆ?

ಕನ್ಸೋಲಿನ ತಾರೀಖು ತಿದ್ದಿ, ‘ಅನಿಮಲ್ ಕ್ರಾಸಿಂಗ್’ನಲ್ಲಿ ನಾಳೆಯ ಸೇತುವೆಯನ್ನು ಇಂದೇ ಕಟ್ಟಿಸಿಕೊಳ್ಳುವವರ ಬಗ್ಗೆ ಕೆಲವರಿಗೆ ಸಿಟ್ಟಿದೆ. ನನಗಿಲ್ಲ. ಆಟದಲ್ಲಿ ಭಾನುವಾರ ಬೆಳಿಗ್ಗೆ ಟರ್ನಿಪ್ ಮಾರುವವಳು ಬರುವ ಹೊತ್ತಿಗೆ ಆಸ್ಪತ್ರೆಯಲ್ಲಿ ಪಾಳಿ ಇರುವ ನರ್ಸ್ ಏನು ಮಾಡಬೇಕು? ತಮ್ಮ ಬಾಳಿಗೆ ತಕ್ಕಂತೆ ಆಟದ ಗಡಿಯಾರ ತಿರುಗಿಸುವುದು ಅವರ ಹಕ್ಕು. ಆಟದ ಗಡಿಯಾರಕ್ಕೆ ತಕ್ಕಂತೆ ಬಾಳನ್ನು ತಿರುಗಿಸಬೇಕಾಗಿ ಬಂದರೆ ಅಲ್ಲಿ ಅನ್ಯಾಯ ಶುರುವಾಗುತ್ತದೆ.

ಆ ಅನ್ಯಾಯ ಹೆಚ್ಚು ತಟ್ಟುವುದು ಮಕ್ಕಳಿಗೆ. ಆಟದ ಹಬ್ಬ ಇವತ್ತು ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ, ಅಲ್ಲಿನ ಉಡುಗೊರೆ ಮತ್ತೆಂದೂ ಸಿಗುವುದಿಲ್ಲ ಎಂದು ಹತ್ತು ವರ್ಷದ ಮಗು ಫೋನಿಗಾಗಿ ಅಳುವಾಗ ‘ಬರೀ ಆಟ ತಾನೇ’ ಎಂದು ನಾವು ಗದರುತ್ತೇವೆ. ಮಗುವಿನ ನಷ್ಟ ನಿಜವಾದದ್ದು. ಅಳು ಬರುವಂತೆ ಬೇಕೆಂದೇ ಗಡುವು ಇಟ್ಟವರನ್ನು ನಾವು ಕೇಳಬೇಕು. ಆಟದೊಳಗಿನ ಆ ಬಣ್ಣದ ಅಂಗಿ, ಆ ಕುರ್ಚಿ, ಆ ದೀಪದ ಕಂಬ ಹನ್ನೆರಡು ಹೊಡೆದ ಮೇಲೂ ಕಂಪನಿಯ ಸರ್ವರಿನಲ್ಲಿ ಹಾಗೇ ಇರುತ್ತವೆ. ಬರುವ ವರ್ಷ ಅದೇ ದಿನ ಅವನ್ನು ಮತ್ತೆ ತೆರೆದಿಡಲು ಅವರಿಗೇನು ಅಡ್ಡಿ?